ಆಲೂಗಡ್ಡೆ ದಿನಾ ತಿನ್ನಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಸುಲಭದವು ಮೊದಲು, ಆಳದವು ಆಮೇಲೆ. ಬೇರೆ ಏನೂ ಹೇಳದ ಕಡೆ ಅಂಕಿಗಳೆಲ್ಲ 100 ಗ್ರಾಂ ಲೆಕ್ಕದಲ್ಲಿವೆ. ತಳಿ, ಮಣ್ಣು, ಎಷ್ಟು ದಿನ ಇಟ್ಟಿದ್ದರು ಎನ್ನುವುದರ ಮೇಲೆ ಇವು ಸ್ವಲ್ಪ ಹೆಚ್ಚುಕಮ್ಮಿ ಆಗುತ್ತವೆ.

## ಮೊದಲು ತಿಳಿಯಬೇಕಾದದ್ದು

ಆಲೂಗಡ್ಡೆಯಲ್ಲಿ ಪಿಷ್ಟ ಬಿಟ್ಟರೆ ಬೇರೆ ಏನಿದೆ?

ಎಲ್ಲಕ್ಕಿಂತ ಜಾಸ್ತಿ ಇರುವುದು ನೀರು. 100 ಗ್ರಾಂ ಹಸಿ ಆಲೂಗಡ್ಡೆಯಲ್ಲಿ ಸುಮಾರು 79 ಗ್ರಾಂ ನೀರೇ. ಉಳಿದದ್ದರಲ್ಲಿ ಕಾರ್ಬೋಹೈಡ್ರೇಟ್ 17 ಗ್ರಾಂ ಆಸುಪಾಸು, ಪ್ರೋಟೀನ್ 2 ಗ್ರಾಂ, ನಾರು 2 ಗ್ರಾಂ. ಕೊಬ್ಬು ಇಲ್ಲವೆಂದೇ ಹೇಳಬಹುದು. ಒಟ್ಟು 77 ಕ್ಯಾಲೊರಿ.

ಜನ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವುದು ಉಳಿದ ಸತ್ವಗಳನ್ನು. ಪೊಟ್ಯಾಸಿಯಂ 420 ಮಿಲಿಗ್ರಾಂ ಹತ್ತಿರ ಇದೆ, ಅದೇ ತೂಕದ ಬಾಳೆಹಣ್ಣಿಗಿಂತ ಜಾಸ್ತಿ. ವಿಟಮಿನ್ ಸಿ ಸುಮಾರು 20 ಮಿಲಿಗ್ರಾಂ. ವಿಟಮಿನ್ ಬಿ6 0.3 ಮಿಲಿಗ್ರಾಂ, ಅಂದರೆ ದೊಡ್ಡವರಿಗೆ ದಿನಕ್ಕೆ ಬೇಕಾದದ್ದರಲ್ಲಿ ಹೆಚ್ಚೂಕಡಿಮೆ ಕಾಲು ಭಾಗ. ಮೆಗ್ನೀಸಿಯಂ, ಫೋಲೇಟ್, ಕಬ್ಬಿಣ ಸ್ವಲ್ಪ ಸ್ವಲ್ಪ.

ಇಲ್ಲದ್ದು ಯಾವುದು ಅಂತಲೂ ಗೊತ್ತಿರಬೇಕು. ವಿಟಮಿನ್ ಎ, ಡಿ, ಬಿ12 ಇದರಿಂದ ಸಿಗುವುದಿಲ್ಲ. ಕ್ಯಾಲ್ಸಿಯಂ ತೀರಾ ಕಮ್ಮಿ.

ತಿಂದರೆ ದಪ್ಪ ಆಗ್ತೀವಾ?

ಬೇಯಿಸಿದ ಆಲೂಗಡ್ಡೆಯಿಂದ ದಪ್ಪ ಆಗುವುದು ಕಷ್ಟ. ಅದರಲ್ಲಿ ಸುಮಾರು 87 ಕ್ಯಾಲೊರಿ ಇದೆ, ಅದಕ್ಕಿಂತ ಮುಖ್ಯವಾಗಿ ಹೊಟ್ಟೆ ಬೇಗ ತುಂಬುತ್ತದೆ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು 38 ಬಗೆಯ ಆಹಾರಗಳನ್ನು ಒಂದೇ ಕ್ಯಾಲೊರಿ ಅಳತೆಯಲ್ಲಿ ತಿನ್ನಿಸಿ, ಎರಡು ಗಂಟೆ ಕಾಲ ಯಾರಿಗೆ ಎಷ್ಟು ಹೊಟ್ಟೆ ತುಂಬಿದ ಹಾಗಿದೆ ಅಂತ ಕೇಳಿ ಬರೆದುಕೊಂಡರು. ಬಿಳಿ ಬ್ರೆಡ್‌ಗೆ 100 ಅಂಕ ಇಟ್ಟರೆ ಬೇಯಿಸಿದ ಆಲೂಗಡ್ಡೆಗೆ ಬಂದದ್ದು 323. ಪಟ್ಟಿಯಲ್ಲಿ ಅದೇ ಮೊದಲು.

ತೂಕ ಏರುವುದು ಜತೆಗೆ ಸೇರುವ ಎಣ್ಣೆ, ಬೆಣ್ಣೆ, ಚೀಸ್‌ನಿಂದ. ಹೊಟ್ಟೆ ತುಂಬುವ ಗುಣ ಕೂಡ ಕರಿದಾಗ ಬಹಳಷ್ಟು ಹೋಗಿಬಿಡುತ್ತದೆ.

ಅನ್ನ ಒಳ್ಳೆಯದಾ, ಆಲೂಗಡ್ಡೆ ಒಳ್ಳೆಯದಾ?

ಸತ್ವದ ಲೆಕ್ಕದಲ್ಲಿ ಬಿಳಿ ಅನ್ನಕ್ಕಿಂತ ಆಲೂಗಡ್ಡೆ ಮುಂದಿದೆ. ಬೇಯಿಸಿದ 100 ಗ್ರಾಂ ಬಿಳಿ ಅನ್ನದಲ್ಲಿ 130 ಕ್ಯಾಲೊರಿ, 35 ಮಿಲಿಗ್ರಾಂ ಪೊಟ್ಯಾಸಿಯಂ. ವಿಟಮಿನ್ ಸಿ ಇಲ್ಲ. ಸಿಪ್ಪೆಯೊಂದಿಗೆ ಬೇಯಿಸಿದ ಅಷ್ಟೇ ಆಲೂಗಡ್ಡೆಯಲ್ಲಿ ಪೊಟ್ಯಾಸಿಯಂ ಅದರ ಹತ್ತು ಪಟ್ಟು, ವಿಟಮಿನ್ ಸಿ 13 ಮಿಲಿಗ್ರಾಂ. ಅನ್ನದಲ್ಲಿ ಪ್ರೋಟೀನ್ ಸ್ವಲ್ಪ ಜಾಸ್ತಿ, ಅಷ್ಟೆ.

ತರಕಾರಿ ಅಂತ ಲೆಕ್ಕ ಹಾಕಬಹುದಾ? ಮನೇಲಿ ಬೇರೆ ತರಕಾರಿ ಯಾರೂ ಮುಟ್ಟಲ್ಲ.

ಬೇಡ. ಈ ಪುಟದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನೇ ಇಟ್ಟುಕೊಳ್ಳಿ: ತಟ್ಟೆಯಲ್ಲಿ ಆಲೂಗಡ್ಡೆಯ ಜಾಗ ಅನ್ನ, ಬ್ರೆಡ್ಡಿನ ಜಾಗ. ಸೊಪ್ಪು, ಕ್ಯಾರೆಟ್, ಬೀನ್ಸ್‌ನ ಜಾಗ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಿ ಎನ್ನುತ್ತದೆ. ಆ 400 ಗ್ರಾಂನಲ್ಲಿ ಆಲೂಗಡ್ಡೆ, ಸಿಹಿಗೆಣಸಿನಂಥ ಗಡ್ಡೆಗಳನ್ನು ಸೇರಿಸುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಆಲೂಗಡ್ಡೆಗೆ ಕೆಟ್ಟ ಹೆಸರು ಬರಲು ಅರ್ಧ ಕಾರಣ ಈ ಗೊಂದಲವೇ. ಅನ್ನದ ಜತೆಗೆ ಪಲ್ಯದ ಲೆಕ್ಕದಲ್ಲಿ ಅದನ್ನೇ ಬಡಿಸಿಕೊಂಡರೆ ಪಿಷ್ಟದ ಮೇಲೆ ಪಿಷ್ಟ ಆಯಿತು. ಅನ್ನದ ಬದಲಿಗೆ ತಿಂದು, ಪಕ್ಕದಲ್ಲಿ ಹಸಿರು ತರಕಾರಿ, ಬೇಳೆಕಾಳು ಇಟ್ಟುಕೊಂಡರೆ ಅದೇ ಆಲೂಗಡ್ಡೆ ಒಳ್ಳೆಯ ಊಟ.

ಹಾಗಾದ್ರೆ ದಿನಾ ಎಷ್ಟು ತಿನ್ನಬಹುದು?

ಎಲ್ಲರಿಗೂ ಒಂದೇ ಅಳತೆ ಇಲ್ಲ. ಆರೋಗ್ಯವಂತರಿಗೆ ಮಧ್ಯಮ ಗಾತ್ರದ ಒಂದೆರಡು ಗಡ್ಡೆ, ಅಂದರೆ 150ರಿಂದ 300 ಗ್ರಾಂ, ಬೇಯಿಸಿ ಅಥವಾ ಸುಟ್ಟು ತಿಂದರೆ ಚಿಂತೆ ಬೇಕಿಲ್ಲ. ಮೈ ಬಗ್ಗಿಸಿ ದುಡಿಯುವವರು ಇನ್ನೂ ಸ್ವಲ್ಪ ತಿನ್ನಬಹುದು.

## ಅಡುಗೆಮನೆಯಿಂದ ಬಂದವು

ಸತ್ವ ಎಲ್ಲಾ ಸಿಪ್ಪೆಯಲ್ಲೇ ಇರೋದಂತೆ, ನಿಜಾನಾ?

ಪೂರ್ತಿ ನಿಜವಲ್ಲ. ತೂಕಕ್ಕೆ ತೂಕ ನೋಡಿದರೆ ಸಿಪ್ಪೆಯಲ್ಲಿ ನಾರು, ಕಬ್ಬಿಣ ಜಾಸ್ತಿ ಇವೆ. ಆದರೆ ಇಡೀ ಗಡ್ಡೆಯಲ್ಲಿ ಸಿಪ್ಪೆಯ ಪಾಲೇ ಚಿಕ್ಕದು. ವಿಟಮಿನ್ ಸಿ ಮತ್ತು ಪೊಟ್ಯಾಸಿಯಂನ ಬಹುಪಾಲು ಒಳಗಿನ ತಿರುಳಿನಲ್ಲೇ ಇದೆ. ಹಾಗಾಗಿ ಸಿಪ್ಪೆ ಸೇರದಿದ್ದರೆ ಬಲವಂತ ಮಾಡಿಕೊಳ್ಳಬೇಡಿ. ಸಿಪ್ಪೆಯ ದೊಡ್ಡ ಉಪಯೋಗ ಬೇಯಿಸುವಾಗ ಸಿಗುತ್ತದೆ, ಅದನ್ನು ಮುಂದಿನ ಉತ್ತರದಲ್ಲಿ ಹೇಳಿದ್ದೇನೆ.

ಬೇಯಿಸಿದ್ರೆ ವಿಟಮಿನ್ ಎಲ್ಲಾ ಹೋಗಿಬಿಡುತ್ತಲ್ವಾ?

ಒಂದಷ್ಟು ಹೋಗುತ್ತದೆ, ಎಲ್ಲವೂ ಅಲ್ಲ. ಹಸಿಯಲ್ಲಿ 20 ಮಿಲಿಗ್ರಾಂ ಇದ್ದ ವಿಟಮಿನ್ ಸಿ, ಸಿಪ್ಪೆಯೊಂದಿಗೆ ಇಡಿಯಾಗಿ ಬೇಯಿಸಿದರೆ ಸುಮಾರು 13ಕ್ಕೆ ಇಳಿಯುತ್ತದೆ. ಸಿಪ್ಪೆ ತೆಗೆದು ಬೇಯಿಸಿದರೆ 7 ಮಿಲಿಗ್ರಾಂ ಚಿಲ್ಲರೆ. ವ್ಯತ್ಯಾಸ ಎಷ್ಟು ದೊಡ್ಡದು ನೋಡಿ! ವಿಟಮಿನ್ ಸಿ ಶಾಖಕ್ಕೆ ಹಾಳಾಗುತ್ತದೆ, ನೀರಿಗೂ ಇಳಿದುಹೋಗುತ್ತದೆ. ಸಿಪ್ಪೆ ಇದ್ದರೆ ನೀರಿಗೆ ಇಳಿಯುವುದು ತಡೆಯುತ್ತದೆ.

ಆದ್ದರಿಂದ ಮೊದಲು ಬೇಯಿಸಿ, ಆಮೇಲೆ ಸಿಪ್ಪೆ ಸುಲಿಯಿರಿ. ಮೊದಲೇ ಹೆಚ್ಚಲೇಬೇಕಾದರೆ ದೊಡ್ಡ ಹೋಳು ಮಾಡಿ, ನೀರು ಕಮ್ಮಿ ಹಾಕಿ, ಬೆಂದ ನೀರನ್ನು ಚೆಲ್ಲದೆ ಸೂಪಿಗೋ ಸಾರಿಗೋ ಬಳಸಿ. ಹಬೆಯಲ್ಲಿ ಬೇಯಿಸುವುದು, ಪ್ರೆಷರ್ ಕುಕ್ಕರ್, ಮೈಕ್ರೋವೇವ್ ಮೂರೂ ಒಳ್ಳೆಯವೇ. ನೀರು ಅಥವಾ ಸಮಯ ಕಮ್ಮಿ ಸಾಕು. ಬೆಂದದ್ದನ್ನು ಗಂಟೆಗಟ್ಟಲೆ ಬಿಸಿಯಲ್ಲೇ ಇಡುವುದು ಮಾತ್ರ ನಷ್ಟ.

ದೊಡ್ಡವರಿಗೆ ದಿನಕ್ಕೆ 45 ಮಿಲಿಗ್ರಾಂ ವಿಟಮಿನ್ ಸಿ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಸಿಪ್ಪೆಯೊಂದಿಗೆ ಬೇಯಿಸಿದ 300 ಗ್ರಾಂ ಆಲೂಗಡ್ಡೆ ಅದರ ಹತ್ತಿರಕ್ಕೇ ಬರುತ್ತದೆ. ಯುರೋಪಿನಲ್ಲಿ ಚಳಿಗಾಲದಲ್ಲಿ ತಾಜಾ ಹಣ್ಣು ಕಾಣದ ಬಡವರು ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ಕಾಯಿಲೆಯಿಂದ ಪಾರಾಗಿದ್ದರಲ್ಲಿ ಆಲೂಗಡ್ಡೆಯ ಪಾಲು ದೊಡ್ಡದು.

ಹಸಿರು ಬಣ್ಣ ಬಂದಿದೆ, ಮೊಳಕೆನೂ ಬಂದಿದೆ. ಬಿಸಾಕಬೇಕಾ?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆಳಕು ಬಿದ್ದಾಗ ಗಡ್ಡೆಯಲ್ಲಿ ಪತ್ರಹರಿತ್ತು ಹುಟ್ಟಿ ಹಸಿರಾಗುತ್ತದೆ. ಆ ಹಸಿರು ಬಣ್ಣದಿಂದ ತೊಂದರೆ ಇಲ್ಲ. ಆದರೆ ಅದೇ ಬೆಳಕಿಗೆ ಸೊಲನೈನ್, ಚಾಕೊನೈನ್ ಎಂಬ ವಿಷದ ಅಂಶಗಳೂ ಏರುತ್ತವೆ. ಕೀಟ, ರೋಗದಿಂದ ತನ್ನನ್ನು ಕಾಪಾಡಿಕೊಳ್ಳಲು ಗಿಡ ಮಾಡಿಕೊಂಡ ಏರ್ಪಾಡು ಇದು. ಹಸಿರು ಕಂಡರೆ ಅವೂ ಜಾಸ್ತಿ ಆಗಿರಬಹುದು ಎಂಬ ಸುಳಿವು ಅಂತ ತಿಳಿಯಿರಿ.

ಒಳ್ಳೆಯ ಗಡ್ಡೆಯಲ್ಲೂ ಇವು ಅಲ್ಪಸ್ವಲ್ಪ ಇರುತ್ತವೆ. ಕಿಲೋಗೆ 200 ಮಿಲಿಗ್ರಾಂ ಒಳಗಿದ್ದರೆ ಸರಿ ಎಂಬುದು ಎಲ್ಲೆಡೆ ಒಪ್ಪಿದ ಮಿತಿ. ಅತಿ ಹೆಚ್ಚು ಇರುವುದು ಮೊಳಕೆ, ಕಣ್ಣು, ಸಿಪ್ಪೆ ಮತ್ತು ಅದರ ಕೆಳಗಿನ ತೆಳು ಪದರದಲ್ಲಿ. ಬೇಯಿಸಿದರೆ ಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹೋಗುವುದಿಲ್ಲ. ಕುದಿಯುವ ನೀರಿನ ಶಾಖಕ್ಕೆ ಇವು ಜಗ್ಗುವುದಿಲ್ಲ.

ಹೀಗೆ ಮಾಡಿ. ಮೊಳಕೆ ಚಿಕ್ಕದಾಗಿದ್ದು ಗಡ್ಡೆ ಗಟ್ಟಿಯಾಗಿದ್ದರೆ, ಕಣ್ಣಿನ ಸಮೇತ ಆಳವಾಗಿ ಕೆತ್ತಿ ತೆಗೆದು ಬಳಸಬಹುದು. ಒಂದು ಮೂಲೆ ಮಾತ್ರ ಹಸಿರಾಗಿದ್ದರೆ ದಪ್ಪಗೆ ಕತ್ತರಿಸಿ ತೆಗೆಯಿರಿ. ಬಹುಪಾಲು ಹಸಿರಾಗಿದ್ದರೆ, ಸುಕ್ಕುಗಟ್ಟಿ ಮೆತ್ತಗಾಗಿದ್ದರೆ, ಉದ್ದ ಮೊಳಕೆ ಬಂದಿದ್ದರೆ ಬಿಸಾಕಿ. ಬೇಯಿಸಿದ ಮೇಲೆ ಕಹಿ ಅನ್ನಿಸಿದರೆ, ಗಂಟಲು ಉರಿದರೆ ಅಲ್ಲಿಗೇ ನಿಲ್ಲಿಸಿ. ಮಕ್ಕಳಿಗೆ ಇಂಥ ಗಡ್ಡೆ ಕೊಡಲೇಬೇಡಿ. ಪುಟ್ಟ ಮೈಗೆ ಕಮ್ಮಿ ಪ್ರಮಾಣವೂ ಸಾಕಾಗುತ್ತದೆ. ವಾಂತಿ, ಭೇದಿ, ಹೊಟ್ಟೆನೋವು ಶುರುವಾದರೆ ವೈದ್ಯರ ಹತ್ತಿರ ಹೋಗಿ.

ಫ್ರಿಜ್‌ನಲ್ಲಿ ಇಡಬಹುದಾ?

ಕತ್ತಲೆ, ತಂಪು, ಗಾಳಿ ಆಡುವ ಜಾಗವೇ ಎಲ್ಲಕ್ಕಿಂತ ಒಳ್ಳೆಯದು. ಫ್ರಿಜ್‌ನ ಚಳಿಗೆ ಪಿಷ್ಟ ಒಂದಷ್ಟು ಸಕ್ಕರೆಯಾಗಿ ಬದಲಾಗುತ್ತದೆ. ರುಚಿ ಸಿಹಿಯಾಗುತ್ತದೆ, ಕರಿದರೆ ಬೇಗ ಕಪ್ಪಾಗುತ್ತದೆ. ಇದೇ ಕಾರಣಕ್ಕೆ ಮೊದಲು ಫ್ರಿಜ್ ಬೇಡ ಎನ್ನುತ್ತಿದ್ದ ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ, ಮನೆಯಲ್ಲಿ ಇಟ್ಟರೆ ಪರವಾಗಿಲ್ಲ ಎಂದು 2023ರಲ್ಲಿ ಸಲಹೆ ಬದಲಿಸಿತು. ಬೇಯಿಸಿ ತಿನ್ನುವವರಿಗಂತೂ ಇದು ದೊಡ್ಡ ವಿಷಯವಲ್ಲ. ಎಲ್ಲಿಟ್ಟರೂ ತಿಂಗಳುಗಟ್ಟಲೆ ಕಳೆದಂತೆ ವಿಟಮಿನ್ ಸಿ ಇಳಿಯುತ್ತಾ ಹೋಗುತ್ತದೆ, ಹೊಸ ಗಡ್ಡೆಯೇ ಮೇಲು.

ಚಿಪ್ಸ್ ಕೂಡ ಆಲೂಗಡ್ಡೆನೇ ಅಲ್ವಾ?

ಹುಟ್ಟಿದ್ದು ಆಲೂಗಡ್ಡೆಯಿಂದಲೇ. ಆದರೆ ಕರಿಯುವಾಗ ಒಳಗಿನ ನೀರು ಆವಿಯಾಗಿ ಹೋಗುತ್ತದೆ, ಆ ಜಾಗಕ್ಕೆ ಎಣ್ಣೆ ಸೇರುತ್ತದೆ. ಹಸಿಯಲ್ಲಿ 0.1 ಗ್ರಾಂ ಇದ್ದ ಕೊಬ್ಬು ಫ್ರೆಂಚ್ ಫ್ರೈಸ್‌ನಲ್ಲಿ ಸುಮಾರು 15 ಗ್ರಾಂ, ಚಿಪ್ಸ್‌ನಲ್ಲಿ 35 ಗ್ರಾಂ ಹತ್ತಿರ. ಕ್ಯಾಲೊರಿ 77ರಿಂದ 310ಕ್ಕೆ, ಚಿಪ್ಸ್‌ನಲ್ಲಿ 530 ದಾಟುತ್ತದೆ. ಮೇಲೆ ಉಪ್ಪು ಬೇರೆ. ಹೋಳು ತೆಳುವಾದಷ್ಟೂ ಎಣ್ಣೆ ಕುಡಿಯುವುದು ಜಾಸ್ತಿ. ಹಾಗಾಗಿ ಮನೆಯಲ್ಲಿ ಕರಿಯುವವರು ದಪ್ಪ ಹೋಳು ಮಾಡಿದರೆ ಒಳ್ಳೆಯದು. ಯಾವಾಗಲೋ ಒಮ್ಮೆ ತಿಂದರೆ ಸರಿ, ದಿನದ ಆಹಾರ ಅಲ್ಲ.

## ಕಾಯಿಲೆ, ಆರೋಗ್ಯದ ಪ್ರಶ್ನೆಗಳು

ಶುಗರ್ ಇರೋರು ಆಲೂಗಡ್ಡೆ ಮುಟ್ಟಲೇಬಾರದಾ?

ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ ಇದು. ಮುಟ್ಟಬಾರದು ಅಂತೇನಿಲ್ಲ. ಆದರೆ ಎಷ್ಟು, ಹೇಗೆ, ಯಾವುದರ ಜತೆ ಎನ್ನುವುದನ್ನು ನೋಡಲೇಬೇಕು.

ಆಹಾರ ಎಷ್ಟು ಬೇಗ ರಕ್ತದ ಸಕ್ಕರೆ ಏರಿಸುತ್ತದೆ ಎಂಬುದನ್ನು ಗ್ಲೈಸೆಮಿಕ್ ಇಂಡೆಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಗ್ಲೂಕೋಸ್‌ಗೆ 100. ಆಲೂಗಡ್ಡೆಗೆ ಒಂದೇ ಅಂಕಿ ಇಲ್ಲ. ತಳಿ, ಬೇಯಿಸಿದ ರೀತಿಗೆ ತಕ್ಕಂತೆ 50ರ ಆಸುಪಾಸಿನಿಂದ 90ರ ಮೇಲಿನವರೆಗೂ ಹೋಗುತ್ತದೆ. ನುಣ್ಣಗೆ ಕಿವುಚಿದ್ದು, ಪುಡಿಯಿಂದ ದಿಢೀರ್ ಮಾಡಿದ್ದು ಬೇಗ ಏರಿಸುತ್ತವೆ. ಬೆಂದರೂ ಒಡೆಯದ ಎಳೆಯ ಗಡ್ಡೆ, ಬೇಯಿಸಿ ತಣ್ಣಗಾಗಿಸಿದ್ದು ನಿಧಾನ. ಬೇಳೆಕಾಳು, ಮೊಸರು, ಮೊಟ್ಟೆ, ಹಸಿರು ತರಕಾರಿ ಜತೆ ತಿಂದರೆ ಇನ್ನೂ ನಿಧಾನ. ವಿನೆಗರ್ ಸೇರಿಸಿದರೂ ಏರಿಕೆ ತಗ್ಗುತ್ತದೆ.

2025ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಮೆರಿಕದ 2 ಲಕ್ಷಕ್ಕೂ ಹೆಚ್ಚು ಆರೋಗ್ಯ ಸಿಬ್ಬಂದಿಯ ಊಟದ ಅಭ್ಯಾಸವನ್ನು ದಶಕಗಳ ಕಾಲ ನೋಡಿದ್ದರು. ವಾರಕ್ಕೆ ಮೂರು ಸಲ ಫ್ರೆಂಚ್ ಫ್ರೈಸ್ ತಿನ್ನುವವರಿಗೆ ಟೈಪ್ 2 ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಶೇ 20ರಷ್ಟು ಹೆಚ್ಚಿತ್ತು. ಅಷ್ಟೇ ಸಲ ಬೇಯಿಸಿದ, ಸುಟ್ಟ, ಕಿವುಚಿದ ಆಲೂಗಡ್ಡೆ ತಿಂದವರಲ್ಲಿ ಅಂಥ ಏರಿಕೆ ಕಾಣಲಿಲ್ಲ. ಇಂಥ ಅಧ್ಯಯನದಿಂದ ಇದೇ ಕಾರಣ ಅಂತ ಖಚಿತವಾಗಿ ಹೇಳಲಾಗದು. ಆದರೂ ಕರಿದದ್ದನ್ನೂ ಬೇಯಿಸಿದ್ದನ್ನೂ ಒಂದೇ ತಕ್ಕಡಿಗೆ ಹಾಕಬಾರದು ಎನ್ನುವುದು ತಿಳಿಯುತ್ತದೆ.

ನನ್ನ ಸಲಹೆ ಇಷ್ಟು: ಒಂದು ಚಿಕ್ಕ ಗಡ್ಡೆ ತಿನ್ನುವ ದಿನ ಅಷ್ಟು ಅನ್ನವನ್ನೋ ಬ್ರೆಡ್ಡನ್ನೋ ಬಿಡಿ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಎರಡು ಗಂಟೆ ಬಿಟ್ಟು ನೋಡಿ. ನಿಮ್ಮ ಮೈ ಕೊಡುವ ಉತ್ತರವೇ ನಿಮಗೆ ಸರಿಯಾದದ್ದು. ಮಾತ್ರೆ, ಇನ್ಸುಲಿನ್ ಬದಲಾವಣೆ ಮಾತ್ರ ವೈದ್ಯರನ್ನು ಕೇಳಿಯೇ ಮಾಡಿ.

ತಣ್ಣಗಾದ ಆಲೂಗಡ್ಡೆ ಒಳ್ಳೆಯದಂತೆ. ಮತ್ತೆ ಬಿಸಿ ಮಾಡಿದ್ರೆ ಪ್ರಯೋಜನ ಹೋಗುತ್ತಾ?

ಬೆಂದ ಪಿಷ್ಟ ತಣ್ಣಗಾಗುವಾಗ ಅದರ ಒಂದು ಭಾಗ ಮತ್ತೆ ಬಿಗಿಯಾಗಿ ಜೋಡಿಸಿಕೊಳ್ಳುತ್ತದೆ. ಆ ಭಾಗವನ್ನು ಸಣ್ಣ ಕರುಳು ಅರಗಿಸಲಾಗದು. ಅದು ನಾರಿನಂತೆ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಇದಕ್ಕೆ ರೆಸಿಸ್ಟೆಂಟ್ ಸ್ಟಾರ್ಚ್ ಎನ್ನುತ್ತಾರೆ. ಮತ್ತೆ ಬಿಸಿ ಮಾಡಿದರೆ ಸ್ವಲ್ಪ ಕಮ್ಮಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಆದರೆ ಇದರಿಂದ ಪವಾಡ ಆಗುವುದಿಲ್ಲ. ಪಿಷ್ಟದ ಚಿಕ್ಕ ಪಾಲು ಮಾತ್ರ ಹೀಗೆ ಬದಲಾಗುತ್ತದೆ.

ತಣ್ಣಗಾಗಿಸುವುದು ಅಂದರೆ ಹೊರಗೆ ಬಿಟ್ಟು ಮರೆಯುವುದಲ್ಲ. ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಸುಟ್ಟದ್ದಾದರೆ ಮೊದಲು ಹಾಳೆ ಬಿಚ್ಚಿ. ಗಾಳಿಯಾಡದ ಆ ಸುತ್ತಿನೊಳಗೆ ಬೊಟುಲಿಸಂ ಎಂಬ ಜೀವಕ್ಕೇ ಅಪಾಯವಾದ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. 1994ರಲ್ಲಿ ಅಮೆರಿಕದ ಎಲ್ ಪಾಸೊದಲ್ಲಿ ಹೀಗೆ ಹಾಳೆ ಸಮೇತ ಹೊರಗಿಟ್ಟ ಆಲೂಗಡ್ಡೆಯಿಂದ ಮಾಡಿದ ತಿನಿಸು ತಿಂದು 30 ಜನ ಕಾಯಿಲೆ ಬಿದ್ದರು.

ಬಿಪಿ ಇದೆ, ತಿನ್ನಬಹುದಾ?

ತಿನ್ನಬಹುದು, ಉಪ್ಪು ಮಾತ್ರ ನೋಡಿ ಹಾಕಿ. ಆಲೂಗಡ್ಡೆಯಲ್ಲಿ ಸೋಡಿಯಂ ತಾನಾಗಿ ಬಹಳ ಕಮ್ಮಿ, ಪೊಟ್ಯಾಸಿಯಂ ಜಾಸ್ತಿ. ರಕ್ತದೊತ್ತಡಕ್ಕೆ ಬೇಕಾದದ್ದೂ ಇದೇ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 3510 ಮಿಲಿಗ್ರಾಂ ಪೊಟ್ಯಾಸಿಯಂ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿಪಿ ಮಾತ್ರೆಗಳಲ್ಲಿ ಕೆಲವು ಪೊಟ್ಯಾಸಿಯಂ ಏರಿಸುತ್ತವೆ, ಒಮ್ಮೆ ವೈದ್ಯರನ್ನು ಕೇಳಿಕೊಳ್ಳಿ.

ಕಿಡ್ನಿ ತೊಂದರೆಗೆ ಆಲೂಗಡ್ಡೆ ಬಿಡಿ ಅಂದ್ರು. ರಾತ್ರಿ ನೆನೆಸಿಟ್ರೆ ಆಗುತ್ತಾ?

ಸುಮ್ನೆ ನೆನೆಸಿಟ್ಟರೆ ಪೊಟ್ಯಾಸಿಯಂ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಸಿಪ್ಪೆ ತೆಗೆದು ಸಣ್ಣ ಹೋಳು ಮಾಡಿ, ಧಾರಾಳ ನೀರಿನಲ್ಲಿ ಕುದಿಸಿ, ಆ ನೀರನ್ನು ಚೆಲ್ಲಿದರೆ ಸುಮಾರು ಅರ್ಧ ಕಮ್ಮಿಯಾಗುತ್ತದೆ. ತುರಿದು ಕುದಿಸಿದರೆ ಇನ್ನೂ ಕಮ್ಮಿ. ಬೇರೆಯವರಿಗೆ ನೀರು ಚೆಲ್ಲಬೇಡಿ ಎಂದಿದ್ದೆ, ನಿಮಗೆ ಅದರ ಉಲ್ಟಾ. ನಿಮ್ಮ ರಕ್ತದ ಪೊಟ್ಯಾಸಿಯಂ ಎಷ್ಟಿದೆ ಎಂದು ನೋಡಿ ಡಾಕ್ಟರು ಅಥವಾ ಡಯಟೀಶಿಯನ್ ಹೇಳಿದ ಅಳತೆ ಮೀರಬೇಡಿ.

ಆಲೂಗಡ್ಡೆ ತಿಂದ್ರೆ ಗ್ಯಾಸ್ ಆಗುತ್ತೆ, ಮಂಡಿನೋವು ಜಾಸ್ತಿ ಆಗುತ್ತೆ ಅಂತಾರಲ್ಲ?

ಗ್ಯಾಸ್ ತರುವ ಸಕ್ಕರೆಗಳು ಆಲೂಗಡ್ಡೆಯಲ್ಲಿ ಕಮ್ಮಿ. ಸೂಕ್ಷ್ಮ ಕರುಳಿನವರಿಗೆ ಕೊಡುವ ಪಥ್ಯದಲ್ಲಿ ಅದಕ್ಕೆ ಜಾಗ ಇರುವುದೂ ಅದಕ್ಕೇ. ಅರೆಬೆಂದದ್ದು, ತಣ್ಣಗಿನದು, ಎಣ್ಣೆ ಜಾಸ್ತಿ ಇರುವುದು ಕೆಲವರಿಗೆ ಹೊಟ್ಟೆ ಉಬ್ಬರ ತರಬಹುದು. ಮಂಡಿನೋವಿಗೂ ಆಲೂಗಡ್ಡೆಗೂ ನಂಟು ಇದೆ ಎನ್ನಲು ಗಟ್ಟಿ ಆಧಾರ ಇಲ್ಲ. ಆದರೂ ನಿಮಗೆ ತಿಂದಾಗಲೆಲ್ಲ ತೊಂದರೆ ಆಗುತ್ತಿದ್ದರೆ ಕೆಲವು ವಾರ ಬಿಟ್ಟು ನೋಡುವುದರಲ್ಲಿ ನಷ್ಟವೇನಿಲ್ಲ.

ಮಗುವಿಗೆ ಯಾವಾಗಿಂದ ಕೊಡಬಹುದು?

ಆರು ತಿಂಗಳಾಗಿ ಮೇಲಾಹಾರ ಶುರು ಮಾಡುವಾಗಲೇ ಕೊಡಬಹುದು. ಚೆನ್ನಾಗಿ ಬೇಯಿಸಿ, ಸಿಪ್ಪೆ ತೆಗೆದು, ಉಪ್ಪಿಲ್ಲದೆ ಮೆತ್ತಗೆ ಕಿವುಚಿ. ಅದೊಂದನ್ನೇ ಕೊಡಬೇಡಿ; ಈ ವಯಸ್ಸಿನಲ್ಲಿ ಮಗುವಿಗೆ ಕಬ್ಬಿಣ ಬೇಕು, ಅದು ಇದರಲ್ಲಿ ಸಾಲದು.

## ಇನ್ನಷ್ಟು ಆಳಕ್ಕೆ

2 ಗ್ರಾಂ ಪ್ರೋಟೀನ್ ಅಂದ್ರೆ ಲೆಕ್ಕಕ್ಕಿಲ್ಲ ಅಲ್ವಾ?

ಪ್ರಮಾಣ ಕಮ್ಮಿ, ಗುಣ ಚೆನ್ನಾಗಿದೆ. ಧಾನ್ಯಗಳಲ್ಲಿ ಕೊರತೆಯಾಗುವ ಲೈಸಿನ್ ಎಂಬ ಅಮೈನೊ ಆಮ್ಲ (ಪ್ರೋಟೀನ್ ಕಟ್ಟುವ ಬಿಡಿ ಅಂಶ) ಇದರಲ್ಲಿ ಸಾಕಷ್ಟಿದೆ. ಗಂಧಕ ಇರುವ ಅಮೈನೊ ಆಮ್ಲಗಳು ಮಾತ್ರ ಸ್ವಲ್ಪ ಕಮ್ಮಿ. 1928ರಲ್ಲಿ ಪೋಲೆಂಡಿನ ಕಾನ್ ಮತ್ತು ಕ್ಲೈನ್ ಎಂಬ ಸಂಶೋಧಕರು ಒಂದು ಪ್ರಯೋಗದ ಫಲ ಪ್ರಕಟಿಸಿದರು. ಒಬ್ಬ ಗಂಡಸು, ಒಬ್ಬ ಹೆಂಗಸು 167 ದಿನ ತಮಗೆ ಬೇಕಾದ ಪ್ರೋಟೀನನ್ನು ಹೆಚ್ಚೂಕಡಿಮೆ ಪೂರ್ತಿ ಆಲೂಗಡ್ಡೆಯಿಂದಲೇ ಪಡೆದರು. ಜತೆಗೆ ಕೊಬ್ಬು ಸೇರಿಸುತ್ತಿದ್ದರು. ಇಬ್ಬರೂ ಆರೋಗ್ಯವಾಗಿಯೇ ಇದ್ದರು. ಆದರೆ ಅದಕ್ಕಾಗಿ ರಾಶಿ ಆಲೂಗಡ್ಡೆ ತಿನ್ನಬೇಕಾಗುತ್ತದೆ. ಒಂದೆರಡು ಗಡ್ಡೆ ತಿನ್ನುವವರು ಪ್ರೋಟೀನಿಗೆ ಬೇಳೆಕಾಳು, ಹಾಲು, ಮೊಟ್ಟೆಯನ್ನೇ ನೆಚ್ಚಿಕೊಳ್ಳಿ.

ಹಾಗಾದ್ರೆ ಬರೀ ಆಲೂಗಡ್ಡೆ ತಿಂದು ಬದುಕಬಹುದಾ?

ಕೆಲವು ತಿಂಗಳು ಬದುಕಬಹುದು, ವರ್ಷಗಟ್ಟಲೆ ಆಗದು. 2000 ಕ್ಯಾಲೊರಿಗೆ ಸುಮಾರು 2.3 ಕಿಲೋ ಬೇಯಿಸಿದ ಆಲೂಗಡ್ಡೆ ಬೇಕು. ಅಷ್ಟು ತಿಂದರೂ ಬಿ12, ವಿಟಮಿನ್ ಎ, ಕ್ಯಾಲ್ಸಿಯಂ, ಬೇಕಾದ ಕೊಬ್ಬು ಸಿಗುವುದಿಲ್ಲ. ಹಾಲು ಸೇರಿಸಿದರೆ ಈ ಕೊರತೆಗಳಲ್ಲಿ ಹೆಚ್ಚಿನವು ತುಂಬುತ್ತವೆ. 19ನೇ ಶತಮಾನದ ಮೊದಲ ಭಾಗದಲ್ಲಿ ಐರ್ಲೆಂಡಿನ ಬಡ ಕೂಲಿಗಳು ಹೀಗೆ ಆಲೂಗಡ್ಡೆ, ಮಜ್ಜಿಗೆಯ ಮೇಲೆಯೇ ಗಟ್ಟಿಮುಟ್ಟಾಗಿದ್ದರು. ಅವರಿಗೆ ಪೆಟ್ಟು ಕೊಟ್ಟದ್ದು ಸತ್ವದ ಕೊರತೆ ಅಲ್ಲ. 1845ರಿಂದ ಅಂಗಮಾರಿ ರೋಗಕ್ಕೆ ಬೆಳೆ ಕೊಳೆತುಹೋಯಿತು, ಬೇರೆ ಆಹಾರ ಕೊಳ್ಳಲು ಅವರಲ್ಲಿ ಹಣ ಇರಲಿಲ್ಲ, ಆಳುವವರ ನೆರವೂ ಸಾಲಲಿಲ್ಲ. ಸುಮಾರು 10 ಲಕ್ಷ ಜನ ಸತ್ತರು.

ಕೆಂಪಗೆ ಹುರಿದ್ರೆ ಕ್ಯಾನ್ಸರ್ ಬರುತ್ತಾ?

ಈ ಭಯ ಹುಟ್ಟಿದ್ದು 2002ರಲ್ಲಿ. ಪಿಷ್ಟ ಇರುವ ಆಹಾರವನ್ನು ಜೋರು ಶಾಖದಲ್ಲಿ ಕರಿದಾಗ, ಸುಟ್ಟಾಗ ಅಕ್ರಿಲಮೈಡ್ ಎಂಬ ರಾಸಾಯನಿಕ ಹುಟ್ಟುತ್ತದೆ ಎಂದು ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಆಲೂಗಡ್ಡೆಯಲ್ಲಿರುವ ಆಸ್ಪರಾಜಿನ್ ಎಂಬ ಅಮೈನೊ ಆಮ್ಲವೂ ಸಕ್ಕರೆಯೂ 120 ಡಿಗ್ರಿ ದಾಟಿದಾಗ ಸೇರಿ ಇದಾಗುತ್ತದೆ. ಪ್ರಾಣಿಗಳಲ್ಲಿ ಇದು ಕ್ಯಾನ್ಸರ್ ತರುತ್ತದೆ. ಊಟದ ಮೂಲಕ ಮನುಷ್ಯರಿಗೆ ಎಷ್ಟು ಅಪಾಯ ಎಂಬುದಕ್ಕೆ ಅಧ್ಯಯನಗಳು ಒಂದೇ ಉತ್ತರ ಕೊಟ್ಟಿಲ್ಲ.

ಕಮ್ಮಿ ಮಾಡುವುದು ಕಷ್ಟವಲ್ಲ. ಕಂದು ಬಣ್ಣಕ್ಕೆ ಬಿಡದೆ ಹೊನ್ನಿನ ಬಣ್ಣಕ್ಕೇ ತೆಗೆಯಿರಿ. ಕರಿಯುವ ಮುಂಚೆ ಹೋಳುಗಳನ್ನು ಸ್ವಲ್ಪ ಹೊತ್ತು ನೀರಿನಲ್ಲಿಟ್ಟು ಒರೆಸಿ. ಮೇಲಿನ ಸಕ್ಕರೆ ತೊಳೆದುಹೋಗುತ್ತದೆ. ನೀರಿನಲ್ಲಿ, ಹಬೆಯಲ್ಲಿ ಬೇಯಿಸಿದ್ದರಲ್ಲಿ ಈ ಚಿಂತೆ ಇಲ್ಲ, ಅಷ್ಟು ಶಾಖವೇ ಬರುವುದಿಲ್ಲ.

ನೇರಳೆ, ಹಳದಿ ಆಲೂಗಡ್ಡೆ, ಸಿಹಿಗೆಣಸು: ಇವು ಮಾಮೂಲಿಗಿಂತ ಒಳ್ಳೆಯವಾ?

ನೇರಳೆ ತಿರುಳಿನದರಲ್ಲಿ ಆಂಥೋಸಯನಿನ್ ಇದೆ, ನೇರಳೆ ಹಣ್ಣಿಗೆ ಬಣ್ಣ ಕೊಡುವ ವಸ್ತುವೇ ಅದು. ಹಳದಿಯದರಲ್ಲಿ ಕಣ್ಣಿಗೆ ಒಳ್ಳೆಯದಾದ ಲೂಟೀನ್‌ನಂಥ ಅಂಶಗಳು ಬಿಳಿಯದಕ್ಕಿಂತ ಜಾಸ್ತಿ. ಪಿಷ್ಟ, ಪೊಟ್ಯಾಸಿಯಂ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಸಿಹಿಗೆಣಸು ಬೇರೆಯೇ ಕುಟುಂಬದ ಗಿಡ. ಕಿತ್ತಳೆ ಬಣ್ಣದ ಸಿಹಿಗೆಣಸಿನಲ್ಲಿ ಮೈಯೊಳಗೆ ವಿಟಮಿನ್ ಎ ಆಗುವ ಬೀಟಾ ಕ್ಯಾರೊಟಿನ್ ಧಾರಾಳವಾಗಿದೆ, ಆಲೂಗಡ್ಡೆ ಕೊಡಲಾಗದ್ದು ಅದೇ. ಎರಡೂ ಸಿಗುವುದಾದರೆ ಒಂದು ದಿನ ಅದು, ಒಂದು ದಿನ ಇದು ಮಾಡಿ.